ಬೆಂಗಳೂರು ಬುಲ್ಸ್ ತಂಡದ ಏಳುಬೀಳು

ಪುತ್ತೂರು, ಸುಳ್ಯ, ಕಡಬದ ಗೃಹಸ್ಥರಿಗೆ ಕಬಡ್ಡಿಯ ಪರಿಚಯ ಮಾಡಿಕೊಡುವುದು ಸಮುದ್ರಕ್ಕೆ ಉಪ್ಪು ಹೊತ್ತಂತೆ. ಮಳೆ ಹಿಂದೆಗೆದು ಬಯಲು ಒಣಗಿತೆಂದರೆ ಊರೂರಿನಲ್ಲಿ ಹೊನಲು ಬೆಳಕಿನ ಪಂದ್ಯಾಟಗಳು ಮೊದಲಾಗುತ್ತವೆ. ಕೋಳಿ ಕೂಗುವವರೆಗೆ ಆಡುವವರೂ ದಣಿಯರು, ನೋಡುವವರೂ ದಣಿಯರು. ಆದರೆ ಹಣ ತೆತ್ತು ಆಟಗಾರರನ್ನು ಇರಿಸಿಕೊಳ್ಳುವ ವೃತ್ತಿಪರ ತಂಡವೊಂದು ಏತಕ್ಕೆ ಏಳುತ್ತದೆ, ಏತಕ್ಕೆ ಬೀಳುತ್ತದೆ ಎಂಬುದನ್ನು ವಿಚಾರ ಮಾಡಿದವರು ವಿರಳ. ಕಬಡ್ಡಿಯೇ ತನಗೆ ಜೀವನೋಪಾಯವೆಂದು ಮಗನು ಪುಸ್ತಕ ಮುಚ್ಚಿಡುವ ಮನೆಗಳು ಈಗ ನಮ್ಮಲ್ಲಿ ಒಂದೆರಡಲ್ಲ. ಅಂಥ ಮನೆಯ ಹಿರಿಯರಿಗಾಗಿ ಈ ತಿಂಗಳು ಬೆಂಗಳೂರು ಬುಲ್ಸ್ ತಂಡದ ವೃತ್ತಾಂತವನ್ನು ಬರೆಯುತ್ತಿದ್ದೇನೆ.

ಸಂಸ್ಕೃತದಲ್ಲಿ ಘಟೀಯಂತ್ರನ್ಯಾಯವೆಂಬುದೊಂದುಂಟು. ಬಾವಿಯ ರಾಟೆಗೆ ಸಾಲಾಗಿ ಕಟ್ಟಿದ ಕೊಡಗಳಲ್ಲಿ ಒಂದು ತುಂಬಿ ಮೇಲೇರುವಾಗ ಇನ್ನೊಂದು ಬರಿದಾಗಿ ಕೆಳಗಿಳಿಯುತ್ತದೆ. ಸಿರಿತನ ಬಡತನಗಳಿಗೆ ನಮ್ಮ ಹಿರಿಯರು ಇದನ್ನು ಉಪಮಾನವಾಗಿ ಹೇಳುತ್ತಿದ್ದರು. ಆದರೆ ಕಬಡ್ಡಿಯ ರಾಟೆಯನ್ನು ತಿರುಗಿಸುವುದು ದೈವವಲ್ಲ, ಹರಾಜಿನ ಕಟ್ಟೆ.

ಪ್ರೊ ಕಬಡ್ಡಿ ಲೀಗ್ ಎಂಬ ಸ್ಪರ್ಧೆಯು ೨೦೧೪ರಲ್ಲಿ ೮ ತಂಡಗಳೊಡನೆ ಆರಂಭವಾಯಿತು. ಬೆಂಗಳೂರಿನದು ಅವುಗಳಲ್ಲೊಂದು, ರಣಧೀರ್ ಸಿಂಗ್ ಸೆಹ್ರಾವತ್ ಅದರ ತರಬೇತುದಾರರು. ಮೊದಲ ವರ್ಷವೇ ಅದು ಉಪಾಂತ್ಯವನ್ನು ಮುಟ್ಟಿತು. ೨೦೧೫ರಲ್ಲಿ ಮಂಜೀತ್ ಛಿಲ್ಲರ್ ಎಂಬವರ ನಾಯಕತ್ವದಲ್ಲಿ ಅಂತಿಮ ಪಂದ್ಯಕ್ಕೆ ಏರಿ, ಯು ಮುಂಬಾ ತಂಡಕ್ಕೆ ೩೦–೩೬ರಿಂದ ಸೋತಿತು. ಕಿರೀಟವು ಕೈಗೆಟುಕುವಷ್ಟರಲ್ಲಿ ಮಂಜೀತ್ ಪುಣೆಯ ತಂಡವನ್ನು ಸೇರಿದರು. ೨೦೧೬ರಲ್ಲಿ ಬೆಂಗಳೂರು ಕೆಳಸಾಲಿಗೆ ಜಾರಿತು. ೨೦೧೭ರಲ್ಲಂತೂ ಕಂಠೀರವ ಒಳಾಂಗಣವು ದೊರೆಯದೆ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಬೇಕಾಯಿತು. ಹೆಸರು ಬೆಂಗಳೂರಿನದು, ಅಂಗಳ ವಿದರ್ಭದ್ದು! ತನ್ನವರ ಕೂಗು ಕಿವಿಗೆ ಬೀಳದ ತಂಡಕ್ಕೆ ತವರೆಂಬುದು ಇದ್ದೂ ಇಲ್ಲದಂತೆ.

ಅನಂತರದ ಏಳಿಗೆಯ ಕಥೆಯು ರಸವತ್ತಾದುದು. ದೆಹಲಿಯ ಬವಾನಾ ಎಂಬಲ್ಲಿಯ ಪವನ್ ಸೆಹ್ರಾವತ್ ೨೦೧೬ರಲ್ಲಿ ಬೆಂಗಳೂರಿನ ತಂಡದಲ್ಲಿಯೇ ಇದ್ದ ತರುಣ. ಆಗ ಅವರನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ೨೦೧೭ರಲ್ಲಿ ಗುಜರಾತಿನ ತಂಡಕ್ಕೆ ಹೋದರು. ಅಲ್ಲಿಯೂ ಹೆಚ್ಚಾಗಿ ಅಂಗಳದ ಹೊರಗೆ ಕುಳಿತಿರುವುದೇ ಆಯಿತು. ೨೦೧೮ರಲ್ಲಿ ಬೆಂಗಳೂರು ಅವರನ್ನು ಮರಳಿ ಕರೆಯಿತು. ರೋಹಿತ್ ಕುಮಾರ್ ನಾಯಕ, ಪವನ್ ಮುಖ್ಯ ದಾಳಿಗಾರ. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ಅಂತಿಮ ಪಂದ್ಯ. ಎದುರಾಳಿ ಅದೇ ಗುಜರಾತ್. ಮೊದಲರ್ಧದಲ್ಲಿ ಬೆಂಗಳೂರು ಹಿಂದೆ ಬಿದ್ದಿತ್ತು. ಉತ್ತರಾರ್ಧದಲ್ಲಿ ಪವನ್ ಎದುರಾಳಿಗಳ ಪಾಳೆಯವನ್ನು ಬರಿದುಮಾಡತೊಡಗಿದರು. ಒಟ್ಟು ೩೮–೩೩, ಅದರಲ್ಲಿ ಪವನ್ ಒಬ್ಬರದೇ ೨೨ ಅಂಕ. ಬೆಂಗಳೂರಿಗೆ ಅದು ಪ್ರಥಮ ಕಿರೀಟ.

ತಂಡದ ಅರ್ಧಕ್ಕಿಂತ ಹೆಚ್ಚಿನ ಅಂಕಗಳನ್ನು ಒಬ್ಬನೇ ತಂದನೆಂಬುದು ಕೇಳುವುದಕ್ಕೆ ಸೊಗಸು. ನನಗಾದರೋ ಒಂಟಿ ಕಂಬದ ಮಂಟಪವು ನೆನಪಾಗುತ್ತದೆ. ೨೦೧೯ರ ಅಕ್ಟೋಬರಿನಲ್ಲಿ ಪವನ್ ಹರಿಯಾಣದ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ೩೯ ಅಂಕ ಗಳಿಸಿದರು. ಆದರೂ ಆ ವರ್ಷ ತಂಡವು ಉಪಾಂತ್ಯದಲ್ಲಿ ನಿಂತಿತು, ಮುಂದಿನ ಸಲವೂ ಅಲ್ಲಿಯೇ ನಿಂತಿತು.

ಆ ಮುಂದಿನ ಸಲದ ಒಂದು ಸಂಗತಿಯನ್ನು ನಮ್ಮ ಸೀಮೆಯವರು ಮರೆಯತಕ್ಕದ್ದಲ್ಲ. ಮಹಾಮಾರಿಯ ನಿಮಿತ್ತ ೨೦೨೧–೨೨ರ ಪಂದ್ಯಗಳೆಲ್ಲ ಪ್ರೇಕ್ಷಕರಿಲ್ಲದೆ ಬೆಂಗಳೂರಿನ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆದುವು. ೨೦೨೨ರ ಫೆಬ್ರವರಿ ೨೫ರಂದು ಅಂತಿಮ ಪಂದ್ಯಕ್ಕೆ ಇಳಿದುದು ಪಾಟ್ನಾ ಮತ್ತು ದೆಹಲಿ. ಪಾಟ್ನಾದ ನಾಯಕರು ಯಾರು? ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ. ದೆಹಲಿ ೩೭–೩೬ರಿಂದ, ಒಂದೇ ಅಂಕದಿಂದ, ಗೆದ್ದಿತು. ಕನ್ನಡನಾಡಿನ ರಾಜಧಾನಿಯಲ್ಲಿ ಕನ್ನಡಿಗನೊಬ್ಬನು ಬಿಹಾರದ ಹೆಸರಿಗಾಗಿ ಸೆಣಸಿದನು. ಬೆಂಗಳೂರಿನ ಹೆಸರಿಗಾಗಿ ದೆಹಲಿಯ ಪವನ್ ಸೆಣಸಿದ್ದರು. ಇದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಊರಿನ ಪಂದ್ಯಾಟಗಳಲ್ಲಿಯೂ ಪರವೂರಿನ ಆಟಗಾರರನ್ನು ಕರೆಸಿ ಬಹುಮಾನ ಗೆಲ್ಲುವ ಸಂಘಗಳನ್ನು ನಾವು ಬಲ್ಲೆವಷ್ಟೆ. ಗೆದ್ದ ಡಾಲು ಸಂಘದ ಕಪಾಟಿನಲ್ಲಿ ಉಳಿಯುತ್ತದೆ. ಗೆದ್ದವರು ಮರುದಿನ ಬೇರೆ ಊರಿನ ಅಂಗಿ ತೊಡುತ್ತಾರೆ. ಊರಿನ ಹುಡುಗರು ಗೆರೆಯ ಹೊರಗೆ ಕುಳಿತು ನೋಡುತ್ತಾರೆ.

೨೦೨೨ರ ಹರಾಜಿನಲ್ಲಿ ಪವನರನ್ನು ತಮಿಳು ತಂಡವು ೨ ಕೋಟಿ ೨೬ ಲಕ್ಷಕ್ಕೂ ಮಿಕ್ಕ ಹಣಕ್ಕೆ ಕೊಂಡಿತು. ಮೊದಲ ಪಂದ್ಯದಲ್ಲಿಯೇ ಅವರಿಗೆ ಪೆಟ್ಟಾಗಿ ವರ್ಷವೆಲ್ಲ ಹೊರಗುಳಿದರು. ಮರುವರ್ಷ ಅವರನ್ನು ತೆಲುಗು ತಂಡವು ೨ ಕೋಟಿ ೬೦ ಲಕ್ಷಕ್ಕೂ ಮೇಲ್ಪಟ್ಟು ಕೊಟ್ಟು ಕೊಂಡು, ೨೨ ಪಂದ್ಯಗಳಲ್ಲಿ ೨ನ್ನು ಮಾತ್ರ ಗೆದ್ದು ಎಲ್ಲರಿಗಿಂತ ಕೊನೆಯದಾಯಿತು. ಇತ್ತ ಬೆಂಗಳೂರು ಒಡನೆಯೇ ಕುಸಿಯಲಿಲ್ಲವೆಂಬುದನ್ನೂ ಹೇಳಬೇಕು: ಭರತ್ ಎಂಬ ತರುಣನು ಭಾರವನ್ನು ಹೊತ್ತು ೨೦೨೨ರಲ್ಲಿ ತಂಡವನ್ನು ಮತ್ತೆ ಉಪಾಂತ್ಯಕ್ಕೆ ಮುಟ್ಟಿಸಿದನು. ಕ್ರಮೇಣ ಅವನೂ ಹೋದನು. ೨೦೨೪ರಲ್ಲಿ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ದಾಳಿಯ ಅಂಕ ಗಳಿಸಿದ್ದ, ಪಾಟ್ನಾಕ್ಕೆ ೩ ಕಿರೀಟ ತಂದುಕೊಟ್ಟಿದ್ದ ಪರ್ದೀಪ್ ನರ್ವಾಲರನ್ನು ೭೦ ಲಕ್ಷಕ್ಕೆ ಕರೆತಂದು ನಾಯಕತ್ವವನ್ನು ಒಪ್ಪಿಸಿದರು. ಹಳೆಯ ಕೀರ್ತಿಯನ್ನು ಕೊಂಡರು. ಹಳೆಯ ಕಾಲು ಬರಲಿಲ್ಲ. ಬೆಂಗಳೂರಿಗೂ ೨೨ರಲ್ಲಿ ೨ ಗೆಲುವು, ಕಟ್ಟಕಡೆಯ ಸ್ಥಾನ.

೨೦೨೫ರಲ್ಲಿ ತಂಡವನ್ನು ಬಿ. ಸಿ. ರಮೇಶರ ಕೈಗೆ ಒಪ್ಪಿಸಿದರು. ಇವರು ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗರು. ತರಬೇತುದಾರರಾಗಿ ೨೦೧೯ರಲ್ಲಿ ಬಂಗಾಳವನ್ನೂ ೨೦೨೪ರ ಮಾರ್ಚಿಯಲ್ಲಿ ಪುಣೆಯನ್ನೂ ಗೆಲ್ಲಿಸಿದವರು. ಹೆಸರುವಾಸಿಗಳನ್ನು ನೆಚ್ಚದೆ ಆ ವರ್ಷ ತಂಡವು ಮತ್ತೆ ಕೊನೆಯ ಸುತ್ತುಗಳಿಗೆ ಏರಿತು. ಅದೇ ೨೦೨೫ರ ಹರಾಜಿನಲ್ಲಿ ಪರ್ದೀಪರನ್ನು ಯಾವ ತಂಡವೂ ಕೂಗಲಿಲ್ಲ. ಅವರು ನಿವೃತ್ತಿಯನ್ನು ಸಾರಿದರು. ಆಗ ಅವರಿಗೆ ೨೮ ವರ್ಷ. ಆ ಪ್ರಾಯದ ಅಡಿಕೆಮರವು ನಮ್ಮ ತೋಟದಲ್ಲಿ ತುಂಬು ಫಸಲು ಕೊಡುತ್ತಿರುತ್ತದೆ.

ಹಿಂದೆ ಈ ಭಯ ಇಷ್ಟಿರಲಿಲ್ಲ. ರೈಲ್ವೆ, ಪೊಲೀಸ್, ಬ್ಯಾಂಕುಗಳು ಆಟಗಾರರನ್ನು ನೌಕರಿಗೆ ತೆಗೆದುಕೊಳ್ಳುತ್ತಿದ್ದುವು. ಮೊಣಕಾಲು ಸೋತರೂ ಮೇಜು ಉಳಿಯುತ್ತಿತ್ತು. ಮಂಗಳೂರಿನಲ್ಲಿ ೧೯೩೧ರಲ್ಲಿ ಹುಟ್ಟಿ, ಕಬಡ್ಡಿ ತಂಡವನ್ನೂ ಸಾಕಿದ ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ರೈಲ್ವೆಯ ಬಾಗಿಲು ಇನ್ನೂ ತೆರೆದಿದೆ. ಪವನರಂಥ ಪವನರೂ ಆ ನೌಕರಿಯನ್ನು ಹಿಡಿದವರೇ. ಆದರೆ ಅದಕ್ಕೆ ಅರ್ಜಿ ಹಾಕುವ ಹುಡುಗನ ಕೈಯಲ್ಲಿ ಶಾಲೆಯ ಪ್ರಮಾಣಪತ್ರವಿರಬೇಕಾಗುತ್ತದೆ. ಪುಸ್ತಕವನ್ನು ಮುಚ್ಚಿಟ್ಟ ಮಗನೊಡನೆ ತಂದೆಯು ಮಾತಿಗೆ ಕುಳಿತಾಗ, ಆಟವನ್ನು ಬಿಡೆಂದು ಗದರುವ ಮೊದಲು ಈ ಪ್ರಮಾಣಪತ್ರದ ವಿಷಯವನ್ನು ಎತ್ತಬಹುದು.