ನಿರುದ್ಯೋಗ ಭತ್ಯೆ: ಗುರುತು ಪರಿಶೀಲನೆ ಮತ್ತು ಮೇಲ್ಮನವಿ ವ್ಯವಸ್ಥೆಯ ಸುಧಾರಣೆಗಾಗಿ ಮನವಿ ಪತ್ರ

ಇವರಿಗೆ,
ಮಹಾನಿರ್ದೇಶಕರು,
ಕಾರ್ಮಿಕ ರಾಜ್ಯ ವಿಮಾ ನಿಗಮ, ನವದೆಹಲಿ

ಮುಖಾಂತರ: ಪ್ರಾದೇಶಿಕ ನಿರ್ದೇಶಕರು, ಕಾರ್ಮಿಕ ರಾಜ್ಯ ವಿಮಾ ನಿಗಮ, ಬೆಂಗಳೂರು

ಇವರಿಂದ: ಕರ್ನಾಟಕದ ಕಾರ್ಖಾನೆ ಮತ್ತು ಗುತ್ತಿಗೆ ವಲಯದ ವಿಮಾದಾರ ಕಾರ್ಮಿಕರ ಪರವಾಗಿ

ವಿಷಯ: ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಮತ್ತು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಗಳಡಿ ಗುರುತಿನ ವ್ಯತ್ಯಾಸದ ಕಾರಣಕ್ಕೆ ಅರ್ಜಿ ತಿರಸ್ಕರಿಸುವುದನ್ನು ನಿಲ್ಲಿಸುವ ಹಾಗೂ ಕಾಲಮಿತಿಯ ಮೇಲ್ಮನವಿ ವ್ಯವಸ್ಥೆ ರೂಪಿಸುವ ಕುರಿತು

ಮಾನ್ಯರೇ,

ಕೆಲಸ ಕಳೆದುಕೊಂಡ ವಿಮಾದಾರರಿಗೆ ನಗದು ನೆರವು ಕೊಡಲು ನಿಗಮದ ಬಳಿ ಎರಡು ಯೋಜನೆಗಳಿವೆ. 2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಯೋಜನೆ ಕಾರ್ಖಾನೆ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡವರಿಗೆ, ಕೆಲಸದಿಂದ ಕಡಿತಗೊಂಡವರಿಗೆ ಮತ್ತು ಶಾಶ್ವತವಾಗಿ ಅಂಗವಿಕಲರಾದವರಿಗೆ ಸಂಬಂಧಿಸಿದ್ದು. 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಆರಂಭವಾಗಿ ಹಂತಹಂತವಾಗಿ ವಿಸ್ತರಣೆಗೊಂಡ ಅಟಲ್ ಯೋಜನೆ, ಇತರ ಕಾರಣಗಳಿಂದ ಕೆಲಸ ತಪ್ಪಿದವರಿಗೆ ಜೀವಮಾನದಲ್ಲಿ ಗರಿಷ್ಠ 90 ದಿನಗಳ ನೆರವು ಕೊಡುತ್ತದೆ. ಈ ಯೋಜನೆಗಳ ಉದ್ದೇಶದ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಒಂದೇ: ವಂತಿಗೆ ವಸೂಲಿ ಮಾಡುವಾಗ ಯಾವ ಗುರುತನ್ನು ನಿಗಮ ಒಪ್ಪಿಕೊಂಡಿತ್ತೋ, ನೆರವು ಕೊಡುವಾಗ ಅದೇ ಗುರುತನ್ನು ಅನುಮಾನಿಸಿ ಕಾರ್ಮಿಕರನ್ನು ವಾಪಸು ಕಳಿಸುವುದು ನ್ಯಾಯವಲ್ಲ. ಅನುಮಾನ ಬಂದರೆ ಅದನ್ನು ಪರಿಹರಿಸುವ ಹೊಣೆ ದಾಖಲೆ ಇಟ್ಟವರದ್ದಾಗಬೇಕು, ಕೆಲಸ ಕಳೆದುಕೊಂಡವರದ್ದಲ್ಲ.

ನಿಗಮ ಸರಿಯಾದ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿರುವುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಟಲ್ ಯೋಜನೆಯಡಿ ಆರಂಭದಲ್ಲಿ ಸರಾಸರಿ ದಿನಗೂಲಿಯ ಶೇ 25ರಷ್ಟು ಮಾತ್ರ ಸಿಗುತ್ತಿತ್ತು. ಅರ್ಜಿಯನ್ನು ಹಿಂದಿನ ಮಾಲೀಕರ ಮೂಲಕವೇ ಸಲ್ಲಿಸಬೇಕಿತ್ತು, 90 ದಿನ ಕಾಯಬೇಕಿತ್ತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ನೆರವನ್ನು ಶೇ 50ಕ್ಕೆ ಏರಿಸಲಾಯಿತು, ಕಾಯುವ ಅವಧಿಯನ್ನು 30 ದಿನಕ್ಕೆ ಇಳಿಸಲಾಯಿತು, ಕಾರ್ಮಿಕರು ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಹಾಕಲು ಅವಕಾಶ ಸಿಕ್ಕಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಫಿಡವಿಟ್ ಷರತ್ತನ್ನೂ ಸಡಿಲಿಸಲಾಯಿತು. ಈ ಬದಲಾವಣೆಗಳ ಹಿಂದಿನ ತರ್ಕ ಸ್ಪಷ್ಟ: ಕೆಲಸದಿಂದ ತೆಗೆದ ಮಾಲೀಕರ ಸಹಿಗಾಗಿ ಕಾರ್ಮಿಕರು ಅವರ ಗೇಟಿನ ಮುಂದೆಯೇ ನಿಲ್ಲುವಂತಾಗಬಾರದು. ಆದರೆ ಮಾಲೀಕರ ಸಹಿ ತಪ್ಪಿದರೂ ಮಾಲೀಕರ ದಾಖಲೆ ತಪ್ಪಲಿಲ್ಲ. ನೇಮಕಾತಿಯ ದಿನ ಕಾರ್ಖಾನೆಯ ಕಚೇರಿ ನಿಗಮದ ಪೋರ್ಟಲ್‌ನಲ್ಲಿ ತುಂಬಿದ ಹೆಸರು, ಹುಟ್ಟಿದ ದಿನಾಂಕ, ಆಮೇಲೆ ತುಂಬಿದ ಹಾಜರಿ ದಿನಗಳು, ಕೊನೆಗೆ ತುಂಬಿದ ಕೆಲಸ ಬಿಟ್ಟ ಕಾರಣ, ಇವೇ ಇಂದಿಗೂ ಅರ್ಜಿಯ ಹಣೆಬರಹ ಬರೆಯುತ್ತಿವೆ. ಬಾಗಿಲಲ್ಲಿ ತೆಗೆದ ಅಡ್ಡಿ ಒಳಗೆ ಹಾಗೆಯೇ ಉಳಿದಿದೆ.

ಇದರಿಂದ ಎಷ್ಟು ನಷ್ಟ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ತಿಂಗಳಿಗೆ ₹12,000 ಸಂಬಳದ ಹೊಲಿಗೆ ಕಾರ್ಮಿಕರೊಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2019ರ ಜುಲೈನಿಂದ ಜಾರಿಯಲ್ಲಿರುವ ದರದಂತೆ ಕಾರ್ಮಿಕರ ಪಾಲು ಶೇ 0.75, ಅಂದರೆ ₹90. ಮಾಲೀಕರ ಪಾಲು ಶೇ 3.25, ಅಂದರೆ ₹390. ಎರಡು ವರ್ಷದಲ್ಲಿ ಇವರ ಹೆಸರಿನಲ್ಲಿ ನಿಗಮಕ್ಕೆ ಸೇರುವ ಮೊತ್ತ ₹11,520. ಈ ಹಣದಲ್ಲೇ ವೈದ್ಯಕೀಯ, ಹೆರಿಗೆ, ಅಪಘಾತದ ಸೌಲಭ್ಯಗಳೂ ಸೇರಿವೆ ಎಂಬುದು ನಿಜ. ನಾಲ್ಕು ವಂತಿಗೆ ಅವಧಿಗಳ, ಅಂದರೆ ಈ ಎರಡು ವರ್ಷದ, ಒಟ್ಟು ಗಳಿಕೆ ₹2,88,000ವನ್ನು 730 ದಿನಗಳಿಂದ ಭಾಗಿಸಿದರೆ ದಿನದ ಸರಾಸರಿ ಸುಮಾರು ₹394. ಅದರ ಅರ್ಧ ₹197. 90 ದಿನಕ್ಕೆ ಸುಮಾರು ₹17,750. ಬಾಡಿಗೆ, ಮಕ್ಕಳ ಶಾಲೆ ಫೀಸು, ಸಂಘದ ಸಾಲದ ವಾರದ ಕಂತು ಒಟ್ಟಿಗೇ ಎದುರಾಗುವ ಮನೆಯಲ್ಲಿ ಈ ಮೊತ್ತ ಮುಂದಿನ ಕೆಲಸ ಸಿಗುವವರೆಗಿನ ಆಸರೆ. ಆರು ತಿಂಗಳು ತಡವಾಗಿ ಬಂದರೆ ಅದು ನೆರವಾಗಿ ಉಳಿಯುವುದಿಲ್ಲ. ಅಷ್ಟರಲ್ಲಿ ಮಾಡಿದ ಕೈಸಾಲದ ಬಡ್ಡಿಗೆ ಹೋಗುತ್ತದೆ. ಹೀಗಾಗಿ ಈ ಯೋಜನೆಯಲ್ಲಿ ವಿಳಂಬಕ್ಕೂ ನಿರಾಕರಣೆಗೂ ಹೆಚ್ಚಿನ ಅಂತರವಿಲ್ಲ.

ಮೊದಲ ಸಮಸ್ಯೆಯಾದ ಗುರುತಿನ ವ್ಯತ್ಯಾಸ ಹುಟ್ಟುವುದು ಎಲ್ಲಿ ಎಂಬುದನ್ನು ಹತ್ತಿರದಿಂದ ನೋಡಬೇಕು. ನಮ್ಮಲ್ಲಿ ಬಹಳ ಜನರಿಗೆ ಮನೆತನದ ಹೆಸರೆಂಬುದಿಲ್ಲ, ಇರುವುದು ಇನಿಷಿಯಲ್. ಅದು ಊರಿನದೂ ಆಗಬಹುದು, ತಂದೆಯದೂ ಆಗಬಹುದು, ಮದುವೆಯ ನಂತರ ಗಂಡನದೂ ಆಗಬಹುದು. ಲಕ್ಷ್ಮಮ್ಮ ಎಂಬ ಹೆಸರಿನ ‘ಕ್ಷ’ ಅಕ್ಷರವನ್ನು ಕಾರ್ಖಾನೆಯ ಗುಮಾಸ್ತರು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಎಂದು ಬರೆದರೆ ಆಧಾರ್ ಕೇಂದ್ರದವರು ಎಕ್ಸ್ ಎಂದು ಬರೆದಿರುತ್ತಾರೆ. ಒಂದು ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದಿದ್ದರೆ ಇನ್ನೊಂದರಲ್ಲಿ ಹಿಂದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇರುವುದಿಲ್ಲ. ಅದೇ ಆಧಾರ್ ಕಾರ್ಡಿನ ಮೇಲೆ ಹೆಸರು ಕನ್ನಡದಲ್ಲಿ ಸರಿಯಾಗಿಯೇ ಅಚ್ಚಾಗಿರುತ್ತದೆ. ಕಂಪ್ಯೂಟರ್ ಹೋಲಿಸುವುದು ಮಾತ್ರ ಇಂಗ್ಲಿಷ್ ಅಕ್ಷರಗಳನ್ನು. ಹುಟ್ಟಿದ ದಿನಾಂಕದ ಕಥೆಯೂ ಇಷ್ಟೇ. ಜನನ ಪ್ರಮಾಣಪತ್ರವಿಲ್ಲದ ತಲೆಮಾರಿನ ಎಷ್ಟೋ ಜನರ ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ, ಶಾಲೆಯ ದಾಖಲೆಯಲ್ಲಿ ಮೇಷ್ಟರು ಬರೆದ ದಿನಾಂಕವಿದೆ. ‘ಆಧಾರ್ ಸರಿಪಡಿಸಿಕೊಂಡು ಬನ್ನಿ’ ಎಂದು ಹೇಳುವುದು ಸುಲಭ. ಆದರೆ ವಿಶಿಷ್ಟ ಗುರುತು ಪ್ರಾಧಿಕಾರದ ನಿಯಮದಂತೆ ಹೆಸರನ್ನು ಎರಡು ಬಾರಿ, ಹುಟ್ಟಿದ ದಿನಾಂಕವನ್ನು ಒಂದೇ ಬಾರಿ ಬದಲಿಸಲು ಅವಕಾಶ. ಕಾರ್ಖಾನೆಯ ಗುಮಾಸ್ತರ ತಪ್ಪಿಗೆ ತಕ್ಕಂತೆ ಆಧಾರ್ ತಿದ್ದಿಸಿಕೊಂಡವರು ನಾಳೆ ಭವಿಷ್ಯ ನಿಧಿಯಲ್ಲೋ ಪಡಿತರದಲ್ಲೋ ಹೊಸ ವ್ಯತ್ಯಾಸಕ್ಕೆ ಸಿಕ್ಕಿಬೀಳುತ್ತಾರೆ.

ಎರಡನೆಯ ಸಮಸ್ಯೆ ವಿಮಾ ಸಂಖ್ಯೆಯದು. ವಿಮಾದಾರರಿಗೆ ಜೀವಮಾನಕ್ಕೆಲ್ಲ ಒಂದೇ ಸಂಖ್ಯೆ ಇರಬೇಕು. ಆದರೆ ಹೊಸ ಕಾರ್ಖಾನೆಗೆ ಸೇರಿದಾಗ, ಅಥವಾ ಗುತ್ತಿಗೆದಾರ ಬದಲಾದಾಗ, ಹಳೆಯ ಸಂಖ್ಯೆ ಕೇಳದೆ ಹೊಸದೊಂದನ್ನು ಸೃಷ್ಟಿಸಿದರೆ ಒಬ್ಬರೇ ಕಾರ್ಮಿಕರು ದಾಖಲೆಯಲ್ಲಿ ಇಬ್ಬರಾಗುತ್ತಾರೆ. ಅಟಲ್ ಯೋಜನೆಗೆ ಕನಿಷ್ಠ ಎರಡು ವರ್ಷದ ವಿಮಾ ಉದ್ಯೋಗವಿರಬೇಕು. ಜೊತೆಗೆ ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಸಂದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದು ಅವಧಿಯಲ್ಲಿ ಹಳೆಯ ಸಂಖ್ಯೆಯಡಿ 50 ದಿನ, ಹೊಸ ಸಂಖ್ಯೆಯಡಿ 60 ದಿನ ದುಡಿದವರು ವಾಸ್ತವದಲ್ಲಿ 110 ದಿನದ ವಂತಿಗೆ ಕಟ್ಟಿದ್ದಾರೆ. ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ನೋಡಿದರೆ ಅವರು ಎರಡರಲ್ಲೂ ಅನರ್ಹರು. ಹಣವೆಲ್ಲ ನಿಗಮದ ಖಾತೆಯಲ್ಲೇ ಇದೆ. ಅದನ್ನು ಕಟ್ಟಿದವರು ಮಾತ್ರ ಕಾಣೆಯಾಗಿದ್ದಾರೆ.

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ಕೆಲಸ ಬಿಟ್ಟ ಕಾರಣ. ದುರ್ನಡತೆಯ ಶಿಕ್ಷೆ, ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿಯಿಂದ ಕೆಲಸ ಹೋದವರಿಗೆ ಅಟಲ್ ಯೋಜನೆ ಅನ್ವಯಿಸುವುದಿಲ್ಲ. ಕಾರ್ಖಾನೆ ಮುಚ್ಚುವಿಕೆ ಅಥವಾ ಕಡಿತವೆಂದು ದಾಖಲಾದರೆ ರಾಜೀವ್ ಗಾಂಧಿ ಯೋಜನೆಯಡಿ ಮೊದಲ 12 ತಿಂಗಳು ಶೇ 50, ನಂತರದ 12 ತಿಂಗಳು ಶೇ 25ರ ದರದಲ್ಲಿ ನೆರವು ಸಿಗುತ್ತದೆ. ಹೀಗೆ ಪೋರ್ಟಲ್‌ನ ಒಂದೇ ಕಾಲಂನಲ್ಲಿ ಮಾಲೀಕರು ಆಯ್ದ ಒಂದು ಕಾರಣ ಕಾರ್ಮಿಕರಿಗೆ 24 ತಿಂಗಳ ನೆರವೋ, 90 ದಿನದ ನೆರವೋ, ಏನೂ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಮುಚ್ಚುವ ಕಾರ್ಖಾನೆಗೆ ಮುಚ್ಚಿದ್ದನ್ನು ಒಪ್ಪಿಕೊಂಡರೆ ಪರಿಹಾರದ ಹೊರೆ ಬೀಳುತ್ತದೆ. ಕಾರ್ಮಿಕರೇ ರಾಜೀನಾಮೆ ಕೊಟ್ಟರೆಂದು ಬರೆದರೆ ಹೊರೆ ಇಳಿಯುತ್ತದೆ. ಲಾಭವಿರುವ ಪಕ್ಷದ ಮಾತನ್ನೇ ಸಾಕ್ಷ್ಯವೆಂದು ಒಪ್ಪಿಕೊಂಡು, ಇನ್ನೊಂದು ಪಕ್ಷವನ್ನು ಕೇಳದೆ ತೀರ್ಮಾನಿಸುವ ಪದ್ಧತಿ ಯಾವ ನ್ಯಾಯಪೀಠದ ಮುಂದೆಯೂ ನಿಲ್ಲಲಾರದು.

ಇಂಥ ತೀರ್ಮಾನದ ವಿರುದ್ಧ ಹೋಗಲು ಏನು ದಾರಿಯಿದೆ? ಪ್ರತಿ ತಿಂಗಳ ಸುವಿಧಾ ಸಮಾಗಮವಿದೆ, ಕೇಂದ್ರದ ಕುಂದುಕೊರತೆ ಪೋರ್ಟಲ್ ಇದೆ. ಇವೆರಡೂ ದೂರು ಕೇಳುವ ವೇದಿಕೆಗಳು. ಅರ್ಹತೆಯ ಪ್ರಶ್ನೆಯನ್ನು ದಾಖಲೆ ನೋಡಿ, ಎರಡೂ ಕಡೆ ಕೇಳಿ, ಲಿಖಿತ ಆದೇಶ ಕೊಡುವ ಮೇಲ್ಮನವಿ ಪ್ರಾಧಿಕಾರಗಳಲ್ಲ. ಅದಕ್ಕೆ ಆಚೆ ಇರುವುದು ನೌಕರರ ವಿಮಾ ನ್ಯಾಯಾಲಯ. 1948ರ ಕಾರ್ಮಿಕ ರಾಜ್ಯ ವಿಮಾ ಕಾಯ್ದೆಯಲ್ಲೂ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದಕ್ಕೆ ಸ್ಥಾನವಿದೆ. ಆದರೆ ₹17,000ದ ನೆರವಿಗಾಗಿ ವಕೀಲರನ್ನಿಟ್ಟು, ಮಂಡ್ಯದಿಂದಲೋ ರಾಮನಗರದಿಂದಲೋ ಹೊಸ ಕೆಲಸಕ್ಕೆ ರಜೆ ಹಾಕಿ ವಾಯಿದೆಗೆ ಅಲೆಯುವವರು ಯಾರು? ನ್ಯಾಯಾಲಯ ಇದೆ ಎಂಬ ಉತ್ತರ ಕಾನೂನಿನ ಮಟ್ಟಿಗೆ ಸರಿ, ಬದುಕಿನ ಮಟ್ಟಿಗೆ ಅಲ್ಲ. ಕರ್ನಾಟಕ ಸರ್ಕಾರ 2011ರ ಸಕಾಲ ಕಾಯ್ದೆಯಲ್ಲಿ ಇದಕ್ಕೊಂದು ಮಾದರಿ ಹಾಕಿಕೊಟ್ಟಿದೆ: ಪ್ರತಿ ಸೇವೆಗೂ ಗೊತ್ತುಪಡಿಸಿದ ಅಧಿಕಾರಿ, ಕಾಲಮಿತಿ, ಎರಡು ಹಂತದ ಮೇಲ್ಮನವಿ, ತಡವಾದರೆ ದಿನಕ್ಕೆ ₹20ರಂತೆ ₹500 ಮೀರದ ಪರಿಹಾರ. ಮೊತ್ತ ಚಿಕ್ಕದು, ತತ್ವ ದೊಡ್ಡದು. ರಾಜ್ಯದ ಆ ಕಾಯ್ದೆ ನಿಗಮವನ್ನು ಕಟ್ಟಿಹಾಕುವುದಿಲ್ಲವಾದರೂ ಮಾದರಿಯನ್ನು ಅನುಸರಿಸಲು ಯಾವ ಅಡ್ಡಿಯೂ ಇಲ್ಲ.

ಪರಿಶೀಲನೆ ಸಡಿಲವಾದರೆ ವಂಚನೆ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ವಿಮಾ ನಿಧಿ ಕಾರ್ಮಿಕರದೇ ಹಣ. ಅದು ಸೋರಿದರೆ ನಷ್ಟವೂ ಅವರದೇ. ಆದರೆ ನೆರವಿನ ಮೊತ್ತ ನಿರ್ಧಾರವಾಗುವುದು ಈಗಾಗಲೇ ಜಮೆಯಾದ ವಂತಿಗೆಯ ಮೇಲೆ. ವಂತಿಗೆ ಕಟ್ಟದವರು ಹೆಸರಿನ ಅಕ್ಷರ ಬದಲಿಸಿಕೊಂಡು ನೆರವು ಪಡೆಯಲು ಇಲ್ಲಿ ಸಾಧ್ಯವೇ ಇಲ್ಲ. ಉಳಿಯುವ ಅಪಾಯ ಬೇರೆಯವರ ಹೆಸರಿನಲ್ಲಿ ಅರ್ಜಿ ಹಾಕುವುದು. ಸಂಬಳ ಜಮೆಯಾಗುತ್ತಿದ್ದ ಬ್ಯಾಂಕ್ ಖಾತೆಗೇ ನೆರವು ಕಳಿಸಿದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ಕೇಳದೆ ತಿರಸ್ಕರಿಸುವ ಯಂತ್ರಕ್ಕೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಅನುಭವವಿದೆ. ಅಲ್ಲಿ 2013ರಿಂದ 2015ರವರೆಗೆ ನಿರುದ್ಯೋಗ ಭತ್ಯೆಯ ವಂಚನೆಯನ್ನು ಕಂಪ್ಯೂಟರ್ ವ್ಯವಸ್ಥೆಯೇ ಪತ್ತೆಹಚ್ಚಿ ತೀರ್ಪು ಕೊಡುತ್ತಿತ್ತು. ನಂತರ ಸರ್ಕಾರವೇ ಮರುಪರಿಶೀಲಿಸಿದಾಗ, ಯಂತ್ರ ತಾನಾಗಿ ತೀರ್ಮಾನಿಸಿದ್ದ 22,000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಶೇ 93ರಷ್ಟು ತಪ್ಪೆಂದು ಕಂಡುಬಂತು. ವಂಚನೆ ತಡೆಯುವ ಹೆಸರಿನಲ್ಲಿ ಅಮಾಯಕರು ದಂಡ ಕಟ್ಟಿದ್ದರು.

ಆಧಾರ್ ಕಾನೂನಿನಂತೆಯೇ ಕಡ್ಡಾಯ, ನಮ್ಮ ಕೈಯಲ್ಲಿಲ್ಲ ಎಂಬ ಇನ್ನೊಂದು ಉತ್ತರವೂ ಬರಬಹುದು. ಆಧಾರ್ ಕೇಳುವ ಸಾಮಾಜಿಕ ಭದ್ರತಾ ಸಂಹಿತೆಯ 142ನೇ ಕಲಂ 2021ರ ಮೇ ತಿಂಗಳಿನಿಂದಲೇ ಜಾರಿಯಲ್ಲಿದೆ. ಆಧಾರ್ ಕೇಳುವ ಅಧಿಕಾರವನ್ನು ನಾವು ಪ್ರಶ್ನಿಸುತ್ತಿಲ್ಲ. ಅಕ್ಷರ ಹೊಂದದಿದ್ದರೆ ಹಕ್ಕೇ ಇಲ್ಲವೆಂಬ ಪರಿಣಾಮವನ್ನು ಪ್ರಶ್ನಿಸುತ್ತಿದ್ದೇವೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಆಧಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಕೊಟ್ಟ ಬಹುಮತದ ತೀರ್ಪು, ಸರ್ಕಾರದ ಸಹಾಯಧನಕ್ಕೂ ನಿವೃತ್ತರ ಪಿಂಚಣಿಯಂತೆ ದುಡಿದು ಗಳಿಸಿದ ಸೌಲಭ್ಯಕ್ಕೂ ಗೆರೆ ಎಳೆದಿತ್ತು. ತಾನೇ ವಂತಿಗೆ ಕಟ್ಟಿ ಗಳಿಸಿದ ನೆರವು ಆ ಗೆರೆಯ ಯಾವ ಬದಿಗೆ ಸೇರಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸಿಬ್ಬಂದಿ ಕೊರತೆಯ ಮಾತಿಗೂ ಉತ್ತರವಿದೆ: ಕೆಲಸಕ್ಕೆ ಸೇರಿದ ದಿನವೇ ತಪ್ಪು ತಿದ್ದಿದರೆ ಅದು ಒಂದು ಬಾರಿಯ ಕೆಲಸ, ಕೆಲಸ ಹೋದ ದಿನ ತಿದ್ದಲು ಹೊರಟರೆ ಅದೇ ಕಡತ ನಾಲ್ಕು ಮೇಜು ಸುತ್ತುತ್ತದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇಂತಿವೆ:

1. ಹೆಸರಿನ ಕಾಗುಣಿತ, ಇನಿಷಿಯಲ್, ಹುಟ್ಟಿದ ದಿನಾಂಕದ ವ್ಯತ್ಯಾಸವೊಂದೇ ಕಾರಣವಾಗಿ ಯಾವ ಅರ್ಜಿಯನ್ನೂ ತಿರಸ್ಕರಿಸಬಾರದು. ವಿಮಾ ಸಂಖ್ಯೆ, ಸಂಬಳದ ಬ್ಯಾಂಕ್ ಖಾತೆ, ನಿಗಮದ ಪೆಹಚಾನ್ (ಗುರುತಿನ) ಕಾರ್ಡ್ ಇವುಗಳಲ್ಲಿ ಎರಡು ಹೊಂದಿದರೆ ಶಾಖಾ ವ್ಯವಸ್ಥಾಪಕರೇ ಗುರುತು ಒಪ್ಪಿಕೊಳ್ಳುವ ಅಧಿಕಾರ ಹೊಂದಿರಬೇಕು.

2. ಗುರುತಿನ ಪರಿಶೀಲನೆ ನೋಂದಣಿಯಾದ ಮೊದಲ ವಂತಿಗೆ ಅವಧಿಯೊಳಗೆ ಮುಗಿಯಬೇಕು. ವ್ಯತ್ಯಾಸ ಕಂಡರೆ ಮಾಲೀಕರಿಗೂ ಕಾರ್ಮಿಕರಿಗೂ ಆಗಲೇ ತಿಳಿಸಬೇಕು.

3. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ವಿಮಾ ಸಂಖ್ಯೆ ಇದ್ದರೆ ನಿಗಮವೇ ಅವನ್ನು ವಿಲೀನಗೊಳಿಸಿ, ಎಲ್ಲ ದಿನಗಳನ್ನು ಒಟ್ಟುಗೂಡಿಸಿ ಅರ್ಹತೆ ಲೆಕ್ಕ ಹಾಕಬೇಕು.

4. ಕೆಲಸ ಬಿಟ್ಟ ಕಾರಣವನ್ನು ಮಾಲೀಕರು ದಾಖಲಿಸಿದ ಕೂಡಲೇ ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಬರಬೇಕು. ಅವರು ಆಕ್ಷೇಪಿಸಿದರೆ ಸಾಕ್ಷ್ಯ ಒದಗಿಸುವ ಹೊಣೆ ಮಾಲೀಕರದು.

5. ಪ್ರತಿ ತಿರಸ್ಕಾರಕ್ಕೂ ಕಾರಣ, ನಿಯಮ ಮತ್ತು ಮೇಲ್ಮನವಿಯ ವಿಳಾಸ ಇರುವ ಲಿಖಿತ ಆದೇಶವನ್ನು ಕನ್ನಡದಲ್ಲಿ ಕೊಡಬೇಕು.

6. ಪ್ರಾದೇಶಿಕ ಮತ್ತು ಉಪಪ್ರಾದೇಶಿಕ ಕಚೇರಿಗಳಲ್ಲಿ ಮೇಲ್ಮನವಿ ಅಧಿಕಾರಿಯನ್ನು ನೇಮಿಸಿ, 30 ದಿನದೊಳಗೆ ತೀರ್ಮಾನವಾಗುವಂತೆ ಮಾಡಬೇಕು. ಕಾರ್ಮಿಕ ಸಂಘದ ಪ್ರತಿನಿಧಿ ಹಾಜರಾಗಲು ಅವಕಾಶವಿರಬೇಕು. ಗಡುವು ಮೀರಿದರೆ ನೆರವು ತಾತ್ಕಾಲಿಕವಾಗಿ ಬಿಡುಗಡೆಯಾಗಬೇಕು, ವಿಳಂಬಕ್ಕೆ ಬಡ್ಡಿ ಸೇರಬೇಕು.

7. ಬಂದ ಅರ್ಜಿ, ಮಂಜೂರಾತಿ, ತಿರಸ್ಕಾರ ಮತ್ತು ತಿರಸ್ಕಾರದ ಕಾರಣಗಳ ಶಾಖಾವಾರು ಅಂಕಿಅಂಶವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಕಿಲ್ಲ. ನಿಗಮದ ಸುತ್ತೋಲೆ ಸಾಕು. 2020ರಲ್ಲಿ ಮಾಲೀಕರ ಸಹಿಯನ್ನೂ ಅಫಿಡವಿಟ್ಟನ್ನೂ ಕೈಬಿಟ್ಟದ್ದು ಆಡಳಿತಾತ್ಮಕ ತೀರ್ಮಾನದಿಂದಲೇ. ಮೊದಲ ಹೆಜ್ಜೆಯಾಗಿ ಬೇಡಿಕೆ 1, 4 ಮತ್ತು 5ರ ಬಗ್ಗೆ ಕರ್ನಾಟಕ ಪ್ರದೇಶದಲ್ಲಿ ಕೂಡಲೇ ಆದೇಶ ಹೊರಡಿಸಿ, ಉಳಿದವನ್ನು ನಿಗಮದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದೂ, ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.


ವಿಮಾದಾರ ಕಾರ್ಮಿಕರ ಪರವಾಗಿ

ಪ್ರತಿ: ಕಾರ್ಮಿಕ ಸಚಿವರು, ಕರ್ನಾಟಕ ಸರ್ಕಾರ, ಅವರ ಮಾಹಿತಿಗಾಗಿ