ಬೇಡವೆಂದರೆ ಬೇಡವೇ?

ಪರಸ್ಥಳಕ್ಕೆ ಓದಲು ಹೋದ ವಿದ್ಯಾರ್ಥಿಗೆ ಮೊದಲ ಪರೀಕ್ಷೆ ನಡೆಯುವುದು ಶಾಲೆಯಲ್ಲಲ್ಲ, ಊಟದ ಮನೆಯಲ್ಲಿ. ಅದಕ್ಕೆ ಪಠ್ಯಪುಸ್ತಕವಿಲ್ಲ, ಪಾಠ ಹೇಳುವ ಉಪಾಧ್ಯಾಯರೂ ಇಲ್ಲ.

ಕೋಲಾರದ ಸೀಮೆಗೆ ಈ ಪರೀಕ್ಷೆ ಹೊಸದೇನಲ್ಲ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳ ಸುತ್ತಣ ಹಳ್ಳಿಗಳಲ್ಲಿ ಹೈಸ್ಕೂಲುಗಳಿಲ್ಲದಿದ್ದ ಕಾಲದಲ್ಲಿ ಓದುವ ಹಂಬಲವುಳ್ಳ ಹುಡುಗ ಪಟ್ಟಣವನ್ನು ಸೇರಲೇಬೇಕಾಗಿತ್ತು. ಅಲ್ಲಿ ಬಂಧುಗಳಿದ್ದರೆ ಅವರ ಮನೆ; ಇಲ್ಲದಿದ್ದರೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು. ಹೀಗೆ ಏಳು ದಿನಕ್ಕೆ ಏಳು ಮನೆ. ಒಂದು ಮನೆಯವರು ಊರಿಗೆ ಹೋದರೆ, ಅಥವಾ ಅಲ್ಲಿ ಸೂತಕ ಬಂದರೆ, ಅಂದು ಏಕಾದಶಿ! ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಮಾತ್ರ ತೆರೆದಿದ್ದ ಬಾಗಿಲು ಅದು. ಉಳಿದವರಿಗೆ ವಿದ್ಯಾರ್ಥಿನಿಲಯಗಳೇ ಗತಿಯಾಗಿದ್ದವು. ಆಗಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಬೆಂಗಳೂರಿನವರೆಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ಎಚ್. ನರಸಿಂಹಯ್ಯನವರು ಬಡವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದರು. ಮುಂದೆ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದವರೂ ಅವರೇ.

ಪರರ ಮನೆಯಲ್ಲಿದ್ದು ಓದುವುದು ಹೇಗೆಂಬುದಕ್ಕೆ ಇನ್ನೂ ಹಳೆಯ ನಿದರ್ಶನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು, 1881ರಲ್ಲಿ ಬಿ.ಎ. ಪದವೀಧರರಾದರು. ಆ ಮನೆಯಲ್ಲಿ ಅವರು ಅತಿಥಿಯೂ ಅಲ್ಲ, ಆಳೂ ಅಲ್ಲ. ಮನೆಗೆ ಬೇಕಾದವರಾಗಿದ್ದರು. ಆಶ್ರಯ ಪಡೆದವನು ತಲೆಯೆತ್ತಿ ನಡೆಯುವ ಬಗೆ ಇದು.

ಈಗ ಪಟ್ಟಣದ ಬದಲು ಪರದೇಶ ಬಂದಿದೆ. ಎರಡು ಮಹಾಯುದ್ಧಗಳಲ್ಲಿಯೂ ಗಾಯಾಳುಗಳ ವಾಹನಗಳನ್ನು ನಡೆಸಿದ ಅಮೆರಿಕದ ಸ್ವಯಂಸೇವಕರ ಸಂಸ್ಥೆ ಎ.ಎಫ್.ಎಸ್. 1947ರಲ್ಲಿ ಶಾಲಾ ವಿದ್ಯಾರ್ಥಿಗಳ ವಿನಿಮಯವನ್ನು ಆರಂಭಿಸಿತು. ಹುಡುಗನಾಗಲಿ ಹುಡುಗಿಯಾಗಲಿ, ಪರದೇಶದ ಒಂದು ಕುಟುಂಬದಲ್ಲಿ ಮನೆಯ ಮಗುವಿನಂತೆ ಇದ್ದು ಓದುವುದು ಅದರ ಕ್ರಮ. ಆತಿಥೇಯರು ಇದಕ್ಕೆ ಹಣ ಪಡೆಯುವುದಿಲ್ಲ. ವಾರಾನ್ನ ಹಾಕಿದ ಗೃಹಿಣಿಗೂ ಇವರಿಗೂ ಆ ಮಟ್ಟಿಗೆ ನಂಟುಂಟು.

ಆದರೆ ಬಡಿಸುವ ರೀತಿ ಬೇರೆ. ನಮ್ಮಲ್ಲಿ ‘ಸಾಕು’ ಎಂಬುದು ಮಾತಲ್ಲ, ಮರ್ಯಾದೆ. ಕೋಲಾರದ ಮನೆಗಳಲ್ಲಿ ಕನ್ನಡದ ‘ಸಾಕು’ ಇರಲಿ, ತೆಲುಗಿನ ‘ಚಾಲು’ ಇರಲಿ, ಮೊದಲ ಸಲ ಹೇಳಿದ್ದನ್ನು ಯಾವ ಗೃಹಿಣಿಯೂ ನಂಬುವುದಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿನಲ್ಲಿ ಒಂದು ಸೌಟು ಹುಳಿ ಬೀಳುತ್ತದೆ. ಅಮೆರಿಕದ ಅಥವಾ ಜರ್ಮನಿಯ ಮನೆಯಲ್ಲಾದರೋ ಸಾಮಾನ್ಯವಾಗಿ ಒಮ್ಮೆ ಕೇಳುತ್ತಾರೆ. ಬೇಡವೆಂದರೆ ಪಾತ್ರೆ ಮುಂದಕ್ಕೆ ಹೋಗುತ್ತದೆ. ಅದು ಅನಾದರವಲ್ಲ, ಒಬ್ಬರ ಮಾತನ್ನು ನಂಬುವುದೇ ಅಲ್ಲಿಯ ಆದರ. ಇದನ್ನು ತಿಳಿಯದ ಮಾಲೂರಿನ ಹುಡುಗ ಎರಡನೆಯ ಕರೆಗಾಗಿ ಕಾದು, ಅರೆಹೊಟ್ಟೆಯಲ್ಲಿ ಮಲಗಿ, ‘ಇವರಿಗೆ ಕರುಣೆಯಿಲ್ಲ’ ಎಂದುಕೊಳ್ಳುತ್ತಾನೆ. ಅತ್ತ ಮನೆಯೊಡತಿ, ‘ಪಾಪ, ನನ್ನ ಅಡುಗೆ ಹುಡುಗನಿಗೆ ಹಿಡಿಸಲಿಲ್ಲ’ ಎಂದು ನೊಂದುಕೊಳ್ಳುತ್ತಾಳೆ. ಇಬ್ಬರೂ ಸಜ್ಜನರೇ, ನಡುವೆ ಕೆಟ್ಟದ್ದು ಒಂದು ಶಬ್ದ.

ಸಸ್ಯಾಹಾರಿಗಳ ಕಷ್ಟ ಇನ್ನೊಂದು ಬಗೆಯದು. ಜಪಾನಿನಲ್ಲಿ ತರಕಾರಿಯ ಸಾರೆಂದು ತೋರುವುದರಲ್ಲಿಯೂ ಒಣಮೀನಿನ ರಸವಿರುವುದುಂಟು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಮೀನು, ಮೊಟ್ಟೆ, ಮಾಂಸದ ರಸ ಇವುಗಳಲ್ಲಿ ಯಾವುದು ಆಗದು, ಯಾವುದು ಆದೀತು ಎಂಬುದನ್ನು ಹೊರಡುವ ಮೊದಲೇ ಬರೆದು ತಿಳಿಸುವುದು ಲೇಸು. ಸಂಕೋಚದಿಂದ ಬಡಿಸಿದ್ದನ್ನೆಲ್ಲ ಮೌನವಾಗಿ ಬದಿಗೆ ಸರಿಸುವುದಕ್ಕಿಂತ, ವಿನಯದಿಂದ ಕೇಳಿ ಎರಡು ರೊಟ್ಟಿ ತಿನ್ನುವುದೇ ಸಭ್ಯತೆ.

ಇನ್ನು ಕೆಲಸದ ಮಾತು. ಊಟವಾದ ಮೇಲೆ ಮನೆಯ ಯಜಮಾನನೇ ತಟ್ಟೆ ತೊಳೆಯುವುದನ್ನು ಕಂಡು ನಮ್ಮ ಹುಡುಗ ಬೆರಗಾಗುತ್ತಾನೆ. ಬೆರಗು ಎರಡು ದಿನಕ್ಕೆ ಸಾಕು. ಮೂರನೆಯ ದಿನ ತಾನೂ ಕೈಹಾಕಬೇಕು. ಹಾಸಿಗೆ ಸರಿಪಡಿಸುವುದು, ಬಟ್ಟೆ ಒಗೆದುಕೊಳ್ಳುವುದು, ನಾಯಿಯನ್ನು ತಿರುಗಾಡಿಸುವುದು, ಇವು ಅವಮಾನದ ಕೆಲಸಗಳಲ್ಲ. ‘ನೀನು ಇನ್ನು ಅತಿಥಿಯಲ್ಲ, ನಮ್ಮವನು’ ಎಂದು ಆ ಮನೆ ಹೇಳುವ ಭಾಷೆಯೇ ಇದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಕೋಲಾರದ ಗಡಿಯ ಮಕ್ಕಳಿಗೆ ಮತ್ತೊಂದು ಭಾಷೆ ಕಲಿಯುವುದು ಕಷ್ಟವಾಗಲಾರದು.

ಕಷ್ಟವಿರುವುದು ತಾಯಿತಂದೆಯರಿಗೆ. ಹಿಂದೆ ಕಾಗದ ಬರುವ ವೇಳೆಗೆ ಮಗನ ಅಳು ನಿಂತಿರುತ್ತಿತ್ತು. ಈಗ ಕೈಯಲ್ಲಿಯೇ ದೂರವಾಣಿ, ಅದರಲ್ಲಿ ಮುಖವೂ ಕಾಣುತ್ತದೆ. ದಿನಕ್ಕೆ ಮೂರು ಸಲ ‘ಏನು ತಿಂದೆ ಕಂದಾ?’ ಎಂದು ಕೇಳಿದರೆ ಮಗು ದೇಹದಿಂದ ಜರ್ಮನಿಯಲ್ಲಿದ್ದು ಮನಸ್ಸಿನಿಂದ ಶ್ರೀನಿವಾಸಪುರದಲ್ಲಿಯೇ ಉಳಿಯುತ್ತದೆ. ಅಲ್ಲಿ ಎಲ್ಲರೂ ಒಟ್ಟಿಗೆ ಕುಳಿತಿರುವ ಹೊತ್ತಿನಲ್ಲಿ ಅದು ಕೋಣೆಯ ಬಾಗಿಲು ಹಾಕಿಕೊಂಡು ಊರಿನೊಡನೆ ಮಾತಾಡುತ್ತಿದ್ದರೆ, ಆ ಮನೆಯವರು ಒಳಗೆ ಕರೆದುಕೊಳ್ಳುವುದಾದರೂ ಹೇಗೆ?

ಮಾವಿನಕಾಯಿಯ ಉಪ್ಪಿನಕಾಯಿಯನ್ನು ಜಾಡಿಗೆ ತುಂಬುವ ತಾಯಿ, ಆ ದೇಶದವರು ಅದನ್ನು ಒಳಗೆ ಬಿಡುವರೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ. ಜೊತೆಗೆ, ಯಾವ ಸುಂಕದ ಕಟ್ಟೆಯೂ ತಡೆಯದ ಎರಡು ಮಾತುಗಳನ್ನು ಮಗುವಿಗೆ ಕಲಿಸಿ ಕಳಿಸಲಿ: ‘ಇನ್ನೂ ಸ್ವಲ್ಪ ಬಡಿಸಿ’ ಎಂಬುದೊಂದು, ‘ನಾನೇನು ಮಾಡಲಿ?’ ಎಂಬುದೊಂದು. ಮೊದಲ ವಾರದಲ್ಲಿಯೇ ಇವೆರಡೂ ಬೇಕಾಗುತ್ತವೆ.