ಮುಚ್ಚಿಟ್ಟ ವರದಿ, ಕೈಮೀರಿದ ಕೇಡು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಜನರಿಗೆ ಸಕಾಲದ ವರದಿಯ ಬೆಲೆಯನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಈ ಸೀಮೆಗೂ ಹಬ್ಬಿರುವುದರಿಂದ, ಕಾಡಿನಲ್ಲಿ ಮಂಗವು ಸತ್ತುಬಿದ್ದುದನ್ನು ಕಂಡವರು ಒಡನೆಯೇ ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದೆಂಬುದು ಇಲ್ಲಿ ತಿಳಿದ ಮಾತು. ಸತ್ತ ಪ್ರಾಣಿಯ ಮೈಬಿಟ್ಟ ಉಣುಗುಗಳು ಮನುಷ್ಯರನ್ನು ಹತ್ತುವುದಕ್ಕೆ ಮೊದಲೇ ಎಚ್ಚರ ವಹಿಸಬೇಕಷ್ಟೆ. ಸತ್ತ ಮಂಗಕ್ಕೆ ಸಲ್ಲುವ ಈ ಶಿಸ್ತು, ಬದುಕಿರುವ ಮಕ್ಕಳೂ ವೃದ್ಧರೂ ವಾಸಿಸುವ ನಿಲಯಗಳಿಗೆ ಏಕೆ ಸಲ್ಲಬಾರದು?

ಮಲೆನಾಡಿನಲ್ಲಿ ವಿದ್ಯಾರ್ಥಿನಿಲಯವಿಲ್ಲದೆ ಅನೇಕರಿಗೆ ವಿದ್ಯೆಯೇ ಇಲ್ಲ. ಒಂಟಿಮನೆಗಳ ಮತ್ತು ಕಾಫಿ ತೋಟದ ಲೈನುಗಳ ಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟಿ ನಿತ್ಯವೂ ಶಾಲೆಗೆ ಬರುವುದು ಕಷ್ಟ. ಮರ ಬಿದ್ದು ದಾರಿ ಕಟ್ಟಿ, ದೂರವಾಣಿ ನಿಂತ ದಿನಗಳಲ್ಲಿ, ಮಗುವಿಗೆ ಜ್ವರ ಬಂದರೂ ಪೆಟ್ಟಾದರೂ ತಂದೆತಾಯಿಗಳಿಗೆ ತಿಳಿಯುವುದು ನಿಲಯಪಾಲಕರು ತಿಳಿಸಿದರೆ ಮಾತ್ರ.

ರಾಜ್ಯದ ಇತರ ಭಾಗಗಳ ಅನುಭವವು ಕಣ್ದೆರೆಸುವಂತಹುದು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಬಾಲಕರನ್ನು ಮಲದ ಗುಂಡಿಗೆ ಇಳಿಸಿದ ಸಂಗತಿಯು 2023ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದುದು, ದೃಶ್ಯಗಳು ಜನರ ಕೈಯಿಂದ ಕೈಗೆ ಹರಡಿದ ಮೇಲೆ. 2025ರ ಆಗಸ್ಟಿನಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದ ಸರ್ಕಾರೀ ವಸತಿ ಶಾಲೆಯ ಬಾಲಕಿಯೊಬ್ಬಳು ಶೌಚಗೃಹದಲ್ಲಿ ಹೆತ್ತಳು. ಸಿಬ್ಬಂದಿಯವರ ಅಮಾನತು ನಡೆದುದು ಆ ಬಳಿಕ. ಶಿಕ್ಷೆಯು ತಡವಾಗಿಯಾದರೂ ಬರಬಹುದು. ತಪ್ಪಿಹೋದ ರಕ್ಷಣೆ ಮರಳಿ ಬಾರದು.

ಶಾಸನವಿಲ್ಲವೆನ್ನುವಂತಿಲ್ಲ. 2012ರ ಪೋಕ್ಸೊ ಶಾಸನವು, ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ತಿಳಿದವರು ಪೊಲೀಸರಿಗೆ ತಿಳಿಸತಕ್ಕದ್ದೆಂದು ವಿಧಿಸಿದೆ. ತಿಳಿಸದವರಿಗೆ 6 ತಿಂಗಳವರೆಗೆ, ಕೈಕೆಳಗಿನವರ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸೆರೆವಾಸವುಂಟು. ಮಹಾರಾಷ್ಟ್ರದ ವಿದ್ಯಾರ್ಥಿನಿಲಯವೊಂದರ ಬಾಲಕಿಯರ ವಿಷಯದಲ್ಲಿ ವರದಿ ಮಾಡಲಿಲ್ಲವೆಂಬ ಆರೋಪ ಹೊತ್ತ ವೈದ್ಯರ ಮೇಲಿನ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯವು ರದ್ದುಪಡಿಸಿತ್ತು. ಆ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ನವೆಂಬರಿನಲ್ಲಿ ತಳ್ಳಿಹಾಕಿತು. ಆದರೆ ಈ ಕಟ್ಟಳೆಯು ಒಂದು ಬಗೆಯ ಅಪರಾಧಕ್ಕೆ ಸಂಬಂಧಿಸಿದುದು. ಬಿದ್ದ ಪೆಟ್ಟು, ಕೆಟ್ಟ ಆಹಾರ, ಕಾಣೆಯಾದ ಬಾಲಕ, ವೃದ್ಧರ ಮೇಲಿನ ದೌರ್ಜನ್ಯ ಇವುಗಳೂ ಅದರ ವ್ಯಾಪ್ತಿಯಲ್ಲಿಲ್ಲ. ಆಸ್ಟ್ರೇಲಿಯಾದವರು 2021ರ ಏಪ್ರಿಲ್ 1ರಿಂದ ವೃದ್ಧರ ನಿವಾಸಗಳಲ್ಲಿನ ಅತಿ ಗಂಭೀರ ಘಟನೆಗಳನ್ನು 24 ಗಂಟೆಗಳೊಳಗೆ ಮೇಲ್ವಿಚಾರಣಾ ಮಂಡಲಿಗೆ ತಿಳಿಸುವಂತೆ ವಿಧಿಸಿದ್ದಾರೆ.

ಮೌನಕ್ಕೆ ಮೂಲವು ಭಯ. ಮೊದಲು ತಿಳಿಸಿದವರೇ ಮೊದಲು ದಂಡನೆಗೆ ಗುರಿಯಾಗುವುದಾದರೆ, ವರ್ಗವಾಗುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಜಾಣತನವೆಂದು ಸಿಬ್ಬಂದಿಯವರು ಕಲಿಯುತ್ತಾರೆ. ಆದುದರಿಂದ ಒಡನೆಯೇ ಸತ್ಯವನ್ನು ತಿಳಿಸಿದವರಿಗೆ ರಕ್ಷಣೆಯೂ, ಅಡಗಿಸಿದವರಿಗೆ ದಂಡನೆಯೂ ನಿಶ್ಚಿತವಾಗಬೇಕು. ಪ್ರತಿ ನಿಲಯದಲ್ಲಿಯೂ ಪುಟಸಂಖ್ಯೆಯುಳ್ಳ ಘಟನಾ ಪುಸ್ತಕವಿರಲಿ. ಅದರ ಪ್ರತಿಯು 24 ಗಂಟೆಗಳೊಳಗೆ ಪೋಷಕರಿಗೂ ತಹಶೀಲ್ದಾರರಿಗೂ ಮುಟ್ಟಲಿ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯು ಮಕ್ಕಳ ಕಣ್ಣಿಗೆ ಬೀಳುವೆಡೆ ಬರೆದಿರಲಿ. ಮಳೆಗಾಲಕ್ಕೆ ಮುಂಚೆಯೇ ಈ ಏರ್ಪಾಡನ್ನು ಮೂರು ತಾಲ್ಲೂಕುಗಳಲ್ಲಿ ಜಾರಿಗೆ ತರುವುದು ಜಿಲ್ಲಾಧಿಕಾರಿಗಳಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ. ತಮ್ಮ ಊರಿನ ನಿಲಯದಲ್ಲಿ ಅಂತಹ ಪುಸ್ತಕವಿದೆಯೇ ಎಂದು ಕೇಳುವುದು ಮಹಾಜನರ ಹಕ್ಕೂ ಹೌದು, ಕರ್ತವ್ಯವೂ ಹೌದು.